ದೂರದರ್ಶನವೋ ಬಿಬಿಸಿಯೋ: ಯಾರ ವಾರ್ತೆ ಎತ್ತ ವಾಲುತ್ತದೆ?

ಎರಡೂ ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳು, ಎರಡರ ಮೇಲೂ ಪಕ್ಷಪಾತದ ದೂರು. ದೂರಿನ ಬಗೆ ಮಾತ್ರ ಬೇರೆ.

ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ 1997ರಿಂದ ಕಾಗದದ ಮೇಲೆ ಸ್ವಾಯತ್ತ. ಹಣ ಬಹುಪಾಲು ಕೇಂದ್ರ ಸರ್ಕಾರದ್ದೇ. ಹಾಗಾಗಿ ದೆಹಲಿಯ ಗದ್ದುಗೆಯಲ್ಲಿ ಯಾರಿದ್ದರೂ ಅವರ ತುತ್ತೂರಿ ಎಂಬ ಮಾತು ಕಾಂಗ್ರೆಸ್ ಕಾಲದಿಂದಲೂ ಇದೆ. 2014ರಲ್ಲಿ ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣ ನೇರಪ್ರಸಾರವಾಯಿತು. 2017ರಲ್ಲಿ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯೋತ್ಸವದ ಭಾಷಣ ಪ್ರಸಾರವಾಗಲಿಲ್ಲ, ತಿದ್ದಿಕೊಡಿ ಎಂದರಂತೆ. 2024ರ ಚುನಾವಣೆಯ ಹೊತ್ತಿಗೆ ಸುದ್ದಿ ವಾಹಿನಿಯ ಲಾಂಛನವೂ ಕೇಸರಿಯಾಯಿತು. ನನ್ನನ್ನು ಕೇಳಿದರೆ, ಬಣ್ಣಕ್ಕಿಂತ ಯಾವ ಸುದ್ದಿಯನ್ನು ಬಿಟ್ಟರು ಎಂಬುದನ್ನು ನೋಡಬೇಕು.

ಬಿಬಿಸಿಗೆ ಬ್ರಿಟನ್ನಿನ ಮನೆಗಳು ಪರವಾನಗಿ ಶುಲ್ಕ ಕಟ್ಟುತ್ತವೆ. ಅದನ್ನು ಎಡದವರೂ ಬೈಯುತ್ತಾರೆ, ಬಲದವರೂ ಬೈಯುತ್ತಾರೆ. ತಪ್ಪಾದರೆ ತಲೆದಂಡವಾಗುವುದುಂಟು: ಇರಾಕ್ ವರದಿಯ ವಿವಾದಕ್ಕೆ 2004ರಲ್ಲಿ ಅಧ್ಯಕ್ಷರೂ ಮಹಾನಿರ್ದೇಶಕರೂ ಹೊರನಡೆದರು. 2025ರಲ್ಲಿ ಟ್ರಂಪ್ ಭಾಷಣವನ್ನು ಕತ್ತರಿಸಿ ಜೋಡಿಸಿದ ಗಲಾಟೆಯಲ್ಲಿ ಮತ್ತೊಬ್ಬ ಮಹಾನಿರ್ದೇಶಕರು ರಾಜೀನಾಮೆ ಕೊಟ್ಟರು.

ಮಳೆ, ಅಣೆಕಟ್ಟೆಯ ನೀರು, ಸರ್ಕಾರಿ ಯೋಜನೆ ತಿಳಿಯಲು ಚಂದನದ ವಾರ್ತೆ ಸಾಕು, ಕಿರುಚಾಟವೂ ಇರುವುದಿಲ್ಲ. ಕೇಂದ್ರವನ್ನು ಪ್ರಶ್ನಿಸುವ ವರದಿ ಬೇಕಿದ್ದರೆ ಬಿಬಿಸಿ ನೋಡಿ. ಆದರೆ ತಮಿಳು, ತೆಲುಗು, ಮರಾಠಿಯಲ್ಲಿ ಸಿಗುವ ಬಿಬಿಸಿ ಕನ್ನಡದಲ್ಲಿಲ್ಲ.