ಹುಲ್ಲು ಗುರುತಿಸಲು ಯಾವುದು ಮೇಲು: ಫೋನಿನ ಆ್ಯಪೋ, ಪುಸ್ತಕದ ಕೀಯೋ?

ರಾಗಿ ಹೊಲ, ಭತ್ತದ ಗದ್ದೆ, ಬದುಗಳ ಹುಲ್ಲಿಗೆ ಎರಡನ್ನೂ ಬಳಸಿ ನೋಡಿದ್ದೇವೆ: ಒಂದು, ಫೋಟೊ ನೋಡಿ ಹೆಸರು ಹೇಳುವ ಆ್ಯಪ್, ಇನ್ನೊಂದು, ಸಸ್ಯವಿಜ್ಞಾನಿ ಎನ್. ಎಲ್. ಬೋರ್ ಅವರು 1960ರಲ್ಲಿ ಬರ್ಮಾದಿಂದ ಪಾಕಿಸ್ತಾನದವರೆಗಿನ ಹುಲ್ಲುಗಳ ಬಗ್ಗೆ ತಂದ ಪುಸ್ತಕ. ಅದರ ಕೀ ಎಂದರೆ ಗಿಡದ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿನತ್ತ ಒಯ್ಯುವ ಪ್ರಶ್ನೆಗಳ ಸರಣಿ. ಕುಲ ತಿಳಿದರೆ ಸಾಕು ಎನ್ನುವವರಿಗೆ ಆ್ಯಪ್ ಆದೀತು. ಪ್ರಭೇದ ಬೇಕಿದ್ದರೆ ಪುಸ್ತಕವೇ ಗತಿ.

ಆ್ಯಪ್ ಎಡವುವುದು ಬೆರಳಿನಂತೆ ತೆನೆ ಬಿಡುವ ಹುಲ್ಲುಗಳಲ್ಲಿ. ಗರಿಕೆ, ಕಾಡು ರಾಗಿ, ಡಿಜಿಟೇರಿಯಾ, ಡ್ಯಾಕ್ಟೈಲೋಕ್ಟೀನಿಯಂ ಎಲ್ಲವೂ ಫೋಟೊದಲ್ಲಿ ಅಣ್ಣತಮ್ಮಂದಿರು. ವ್ಯತ್ಯಾಸವಿರುವುದು ಮಿಲಿಮೀಟರ್ ಲೆಕ್ಕದಲ್ಲಿ. 10 ಪಟ್ಟಿನ ಮಸೂರ ಹಿಡಿದು ತೆನೆಯ ಬೆರಳಿನ ತುದಿ ನೋಡಿ: ಕಾಡು ರಾಗಿಯಲ್ಲಿ ತುದಿಯವರೆಗೂ ಕಿರುತೆನೆ (ಒಂದೋ ಹಲವೋ ಹೂಗಳಿರುವ, ತೆನೆಯ ಚಿಕ್ಕ ಘಟಕ) ಇರುತ್ತದೆ, ಡ್ಯಾಕ್ಟೈಲೋಕ್ಟೀನಿಯಂನಲ್ಲಿ ತುದಿ ಬೋಳಾಗಿ, ಮುಳ್ಳಿನಂತೆ ಚಾಚಿರುತ್ತದೆ. ಗರಿಕೆಯ ಕಿರುತೆನೆಯಲ್ಲಿ ಸಾಮಾನ್ಯವಾಗಿ ಒಂದೇ ಹೂ, ಕಾಡು ರಾಗಿಯದರಲ್ಲಿ ಹಲವು. ಫೋಟೊ ತೆಗೆಯುವುದೇ ಆದರೆ ತೆನೆಯ ಹಿಂದೆ ಕಪ್ಪು ಕಾಗದ ಹಿಡಿಯಿರಿ; ಇಲ್ಲವಾದರೆ ಫೋಕಸ್ ಹಿಂದಿನ ಮಣ್ಣಿನ ಮೇಲೆ ಕೂರುತ್ತದೆ.

ಪುಸ್ತಕಕ್ಕೆ ಗಿಡವನ್ನು ಬೇರುಸಹಿತ ಕಿತ್ತು ತರಬೇಕು. ಒಣಗಿದ ಕಿರುತೆನೆಯನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಸೂಜಿಗಳಿಂದ ಬಿಡಿಸಿ, ಬುಡದ ಎರಡು ಗ್ಲೂಮ್‌ಗಳಿಂದ (ಹೂಗಳ ಕೆಳಗಿರುವ ಹೊಟ್ಟಿನಂಥ ಹೊದಿಕೆಗಳಿಂದ) ಎಣಿಕೆ ಶುರುಮಾಡಿ. ತೀರಾ ಬಲಿತ ತೆನೆ ಬೇಡ: ಹೂಗಳು ಉದುರಿ ಗ್ಲೂಮ್ ಮಾತ್ರ ಉಳಿದಿದ್ದರೆ ಎಣಿಕೆ ತಪ್ಪಿ ಕೀ ಬೇರೆ ದಾರಿಗೆ ಒಯ್ಯುತ್ತದೆ.

ಬೆಳೆಗಳ ವಿಷಯದಲ್ಲಿ ಕೀಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತೆನೆಯನ್ನು ಬೆರಳುಗಳ ನಡುವೆ ಎಳೆದಾಗ ಕಿರುತೆನೆ ಉದುರಿ ಬಿರುಗೂದಲು ದಂಟಿನಲ್ಲೇ ಉಳಿದರೆ ನವಣೆಯ ಕುಲ, ಕೂದಲೂ ಜೊತೆಗೇ ಕಳಚಿದರೆ ಸಜ್ಜೆಯ ಕುಲ. ಆದರೆ ಈ ಪರೀಕ್ಷೆ ಕಾಡು ಹುಲ್ಲಿಗೆ ಸರಿ. ಬಿತ್ತಿ ಬೆಳೆದ ಸಜ್ಜೆಯಲ್ಲಿ ಏನೂ ಕಳಚುವುದಿಲ್ಲ, ಏಕೆಂದರೆ ಉದುರದ ತೆನೆಯನ್ನೇ ರೈತರು ತಲೆತಲಾಂತರದಿಂದ ಬೀಜಕ್ಕೆ ಇಟ್ಟುಕೊಂಡು ಬಂದಿದ್ದಾರೆ. ಪುಸ್ತಕ ಸಜ್ಜೆಯನ್ನು ಪೆನ್ನಿಸೀಟಂ ಎನ್ನುತ್ತದೆ. 2010ರಲ್ಲಿ ಆ ಕುಲವನ್ನು ಸೆಂಕ್ರಸ್ ಎಂಬ ಇನ್ನೊಂದು ಕುಲಕ್ಕೆ ಸೇರಿಸಲಾಯಿತು. ಹೀಗಾಗಿ ಈಗಿನ ಹೆಸರನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ತೆನೆ ಬರುವ ಮೊದಲೇ ಕಳೆ ಕೀಳಬೇಕಾದ ಗದ್ದೆಯಲ್ಲಿ ಆ್ಯಪ್ ನೆಚ್ಚುವಂತಿಲ್ಲ, ತೆನೆ ಕೇಳುವ ಕೀಯೂ ಉಪಯೋಗಕ್ಕೆ ಬಾರದು. ಅಲ್ಲಿ ಎಲೆ ಕಾಂಡವನ್ನು ತಬ್ಬಿದ ಕಡೆ ಗರಿಯನ್ನು ಹಿಂದಕ್ಕೆ ಬಾಗಿಸಿ ನೋಡಬೇಕು. ಭತ್ತಕ್ಕೆ ತೆಳು ಪೊರೆಯ ನಾಲಿಗೆಯೂ ಕೂದಲುಳ್ಳ ಪುಟ್ಟ ಕಿವಿಗಳೂ ಇರುತ್ತವೆ. ಊದಲಿನ ಜಾತಿಯ ಕಳೆಗೆ ಎರಡೂ ಇಲ್ಲ. ಹಳೆ ಎಲೆಯಲ್ಲಿ ಕಿವಿ ಉದುರಿರಬಹುದು, ಹಾಗಾಗಿ ಮೇಲಿನ ಎಳೆ ಎಲೆಯನ್ನೇ ಆರಿಸಿ. ಕಾಡು ಭತ್ತಕ್ಕೂ ಭತ್ತದಂತೆಯೇ ನಾಲಿಗೆಯಿದೆ. ಅದನ್ನು ಬೇರ್ಪಡಿಸಲು ತೆನೆ ಬಂದು ಕಾಳು ಉದುರುವುದನ್ನು ಕಾಯಲೇಬೇಕು.