ಪೈಥಾನ್‌ನ ಡೇಟ್‌ಟೈಮ್ ಮತ್ತು ಝೋನ್‌ಇನ್ಫೋ: ಎಲ್ಲಿ ನಂಬಬಹುದು, ಎಲ್ಲಿ ಎಚ್ಚರ ಬೇಕು

ಪೈಥಾನ್‌ನಲ್ಲಿ ದಿನಾಂಕ, ವೇಳೆಯ ಕೆಲಸಕ್ಕೆ ಹೊರಗಿನ ಲೈಬ್ರರಿ ಬೇಕೇ ಬೇಕು ಎಂಬ ಕಾಲ ಮುಗಿಯಿತು. 2003ರಲ್ಲಿ 2.3ನೇ ಆವೃತ್ತಿಯೊಂದಿಗೆ ಬಂದ ಡೇಟ್‌ಟೈಮ್ ಮಾಡ್ಯೂಲಿಗೆ 2020ರಲ್ಲಿ, 3.9ನೇ ಆವೃತ್ತಿಯಲ್ಲಿ, ದೇಶ-ಪ್ರದೇಶಗಳ ವೇಳೆಯ ವಲಯಗಳನ್ನು ನೋಡಿಕೊಳ್ಳುವ ಝೋನ್‌ಇನ್ಫೋ ಜೊತೆಯಾಯಿತು. ಬಹುಪಾಲು ಪ್ರಾಜೆಕ್ಟುಗಳಿಗೆ ಇವೆರಡೇ ಸಾಕು. ಆದರೆ ಎರರ್ ಕೊಡದೆ, ಸದ್ದಿಲ್ಲದೆ ತಪ್ಪು ವೇಳೆ ಕೊಟ್ಟುಬಿಡುವ ಜಾಗಗಳು ಇದರಲ್ಲಿ ಇನ್ನೂ ಉಳಿದಿವೆ.

ಝೋನ್‌ಇನ್ಫೋ ಬಂದದ್ದರಿಂದ ಆದ ದೊಡ್ಡ ಲಾಭವೆಂದರೆ ಪೈಟಿಜೆಡ್ ಎಂಬ ಹೊರಗಿನ ಲೈಬ್ರರಿಯ ಹಳೆಯ ಕಾಟ ತಪ್ಪಿದ್ದು. ಪೈಟಿಜೆಡ್‌ನ 'ಏಷ್ಯಾ/ಕೋಲ್ಕತಾ'ವನ್ನು ನೇರವಾಗಿ ಟಿಜೆಡ್‌ಇನ್ಫೋ (ವೇಳೆಗೆ ವಲಯ ಹೇಳುವ ಜಾಗ) ಆಗಿ ಕೊಟ್ಟರೆ ಯುಟಿಸಿಗಿಂತ (ಜಗತ್ತಿನ ಪ್ರಮಾಣ ವೇಳೆ) 5:30 ಮುಂದಿರಬೇಕಾದ ವೇಳೆ 5:53 ಮುಂದೆ ಹೋಗುತ್ತದೆ. ಆ ವಲಯದ ಇತಿಹಾಸದಲ್ಲಿ ಮೊದಲು ದಾಖಲಾಗಿರುವ ಕೋಲ್ಕತಾದ ಸ್ಥಳೀಯ ಸೌರವೇಳೆಯನ್ನೇ ಅದು ಹಿಡಿದುಕೊಳ್ಳುವುದು ಇದಕ್ಕೆ ಕಾರಣ. ಲೋಕಲೈಸ್ ಎಂಬ ಮೆಥಡ್ ಮೂಲಕವೇ ಹೋಗಬೇಕು. ಮರೆತರೆ 23 ನಿಮಿಷ ತಪ್ಪು. ಝೋನ್‌ಇನ್ಫೋ ಹಾಗಲ್ಲ, ಕೊಟ್ಟ ದಿನಾಂಕ ನೋಡಿ ಆ ದಿನ ಜಾರಿಯಲ್ಲಿದ್ದ ಲೆಕ್ಕವನ್ನೇ ಕೊಡುತ್ತದೆ. 1943ರ ಯಾವುದಾದರೂ ದಿನ ಹಾಕಿದರೆ ಭಾರತಕ್ಕೆ 6:30 ಬರುತ್ತದೆ. ಅದು ಸರಿಯೇ: ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವರೆಗೆ, ಇಲ್ಲಿನ ಗಡಿಯಾರ ಒಂದು ಗಂಟೆ ಮುಂದಿತ್ತು. ಹಿರಿಯರ ಜಾತಕ ಹಾಕುವ ಸಾಫ್ಟ್‌ವೇರ್ ಬರೆಯುವವರು ಇದನ್ನು ಗಮನಿಸಲೇಬೇಕು. 5:30 ಎಂದು ಕೈಯಿಂದ ಬರೆದಿಟ್ಟರೆ ಲಗ್ನವೇ ಬದಲಾದೀತು.

ವಿಂಡೋಸ್‌ನಲ್ಲಿ ಝೋನ್‌ಇನ್ಫೋಗೆ ಬೇಕಾದ ವಲಯಗಳ ದತ್ತಾಂಶ ಇರುವುದಿಲ್ಲ. ಲಿನಕ್ಸ್‌ನಲ್ಲಿ ಓಡಿದ ಕೋಡ್ ಅಲ್ಲಿ 'ವಲಯ ಸಿಗಲಿಲ್ಲ' ಎಂದು ನಿಲ್ಲುತ್ತದೆ. ಪಿಪ್‌ನಿಂದ ಟಿಜೆಡ್‌ಡೇಟಾ ಪ್ಯಾಕೇಜ್ ಹಾಕಿಕೊಂಡರೆ ಆಯಿತು.

ಇನ್ನು ಈ ಮಾಡ್ಯೂಲಿನ ನಿಜವಾದ ದೋಷ: ವಲಯವಿಲ್ಲದ 'ನೈವ್' ವೇಳೆ. ಯುಟಿಸಿನೌ ಕರೆದರೆ ಯುಟಿಸಿ ಗಂಟೆ ಸಿಗುತ್ತದೆ, ಆದರೆ ಅದು ಯುಟಿಸಿ ಎಂಬ ಗುರುತು ಇರುವುದಿಲ್ಲ. ಅದರ ಮೇಲೆ, ವೇಳೆಯನ್ನು 1970ರಿಂದಾದ ಸೆಕೆಂಡುಗಳಾಗಿ ಎಣಿಸಿ ಕೊಡುವ ಟೈಮ್‌ಸ್ಟ್ಯಾಂಪ್ ಕರೆದಾಗ ಪೈಥಾನ್ ಅದನ್ನು ಆ ಮೆಷಿನ್ನಿನ ಸ್ಥಳೀಯ ವೇಳೆ ಎಂದುಕೊಳ್ಳುತ್ತದೆ. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಉತ್ತರ 19,800 ಸೆಕೆಂಡ್ ಕಡಿಮೆ. ಯುಟಿಸಿಗೆ ಹೊಂದಿಸಿದ ಸರ್ವರಿನಲ್ಲಿ ಸರಿಯಾದ ಉತ್ತರ. ಒಂದೇ ಕೋಡ್, ಎರಡು ಫಲ. 3.12ರಿಂದ ಯುಟಿಸಿನೌ ಬಳಸಬೇಡಿ ಎಂಬ ಎಚ್ಚರಿಕೆ ಬರುತ್ತದೆ, ಇದು ಎಷ್ಟೋ ಮೊದಲೇ ಆಗಬೇಕಿತ್ತು. ನೌ ಕರೆದು ಟೈಮ್‌ಝೋನ್.ಯುಟಿಸಿ ಕೊಡಿ. ರಿಪ್ಲೇಸ್ ಮತ್ತು ಆ್ಯಸ್‌ಟೈಮ್‌ಝೋನ್ ನಡುವೆಯೂ ಗೊಂದಲ ಬೇಡ: ಯುಟಿಸಿ 6:30ನ್ನು ರಿಪ್ಲೇಸ್ ಮಾಡಿದರೆ ಭಾರತದ 6:30 ಎಂಬ ಹಣೆಪಟ್ಟಿ ಮಾತ್ರ ಬೀಳುತ್ತದೆ, ಆ್ಯಸ್‌ಟೈಮ್‌ಝೋನ್ ಮಾಡಿದರೆ ಮಧ್ಯಾಹ್ನ 12:00 ಬರುತ್ತದೆ.

ಗಂಟೆ ಕೂಡಿಸುವಾಗ ಇನ್ನೊಂದು ಬಲೆ ಇದೆ. 2025ರ ಮಾರ್ಚ್ 8ರ ರಾತ್ರಿ 10ಕ್ಕೆ, ನ್ಯೂಯಾರ್ಕ್ ವಲಯದಲ್ಲಿ, 12 ಗಂಟೆ ಕೂಡಿಸಿದರೆ ಮರುದಿನ ಬೆಳಿಗ್ಗೆ 10 ಎನ್ನುತ್ತದೆ. ಆ ನಸುಕಿನಲ್ಲಿ ಅಲ್ಲಿ ಗಡಿಯಾರ 2ರಿಂದ 3ಕ್ಕೆ ಜಿಗಿದಿತ್ತು, ಹಾಗಾಗಿ ನಿಜಕ್ಕೂ ಕಳೆದದ್ದು 11 ಗಂಟೆ. ಒಂದೇ ವಲಯದೊಳಗೆ ಡೇಟ್‌ಟೈಮ್ ಗೋಡೆ ಗಡಿಯಾರದ ಲೆಕ್ಕ ಮಾಡುತ್ತದೆ. ಕಳೆದ ಅವಧಿ ಬೇಕಾದರೆ ಯುಟಿಸಿಗೆ ಬದಲಿಸಿ ಕೂಡಿಸಿ, ಮತ್ತೆ ವಾಪಸ್ ತನ್ನಿ. ಅದೇ ದಿನದ 2:30 ಎಂಬ ಇಲ್ಲದ ವೇಳೆಯನ್ನೂ ಇದು ತಕರಾರಿಲ್ಲದೆ ಒಪ್ಪುತ್ತದೆ. ನವೆಂಬರ್ 2ರಂದು ಎರಡು ಸಲ ಬರುವ 1:30ನ್ನು ಬೇರ್ಪಡಿಸಲು ಫೋಲ್ಡ್ ಎಂಬ ಗುರುತು ಇದೆ, ಮೊದಲನೆಯದಕ್ಕೆ 0, ಎರಡನೆಯದಕ್ಕೆ 1. ಭಾರತದ ವಲಯದಲ್ಲಿ ಮಾತ್ರ ಟೆಸ್ಟ್ ಮಾಡುವವರಿಗೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ.

ಪಠ್ಯದಿಂದ ವೇಳೆ ಓದುವ ಕೆಲಸ ಈಗ ಸುಧಾರಿಸಿದೆ. ಕೊನೆಯಲ್ಲಿ 'ಝಡ್' ಇರುವ ಐಎಸ್‌ಒ 8601 ವೇಳೆಯನ್ನು ಫ್ರಮ್‌ಐಎಸ್‌ಒಫಾರ್ಮ್ಯಾಟ್ ಒಪ್ಪುವುದು 3.11ರಿಂದ. ಸ್ಟ್ರಿಪ್‌ಟೈಮ್‌ಗೆ 'ಐಎಸ್‌ಟಿ' ಎಂಬ ಹೆಸರಿರುವ ವೇಳೆ ಕೊಡಬೇಡಿ: ಭಾರತದ ವೇಳೆಯ ಲಿನಕ್ಸ್ ಮೆಷಿನ್ನಿನಲ್ಲಿ ಅದು ಒಪ್ಪಿ, ಕೊನೆಗೆ ನೈವ್ ವೇಳೆಯನ್ನೇ ಕೊಡುತ್ತದೆ, ಯುಟಿಸಿ ಸರ್ವರಿನಲ್ಲಿ ಎರರ್. ಐರ್ಲೆಂಡ್, ಇಸ್ರೇಲ್‌ಗಳೂ ಇದೇ ಮೂರಕ್ಷರ ಬಳಸುತ್ತವೆ.

ಎರಡು ವೇಳೆಗಳ ಅಂತರವನ್ನು ಹಿಡಿದಿಡುವ ಟೈಮ್‌ಡೆಲ್ಟಾದಲ್ಲಿ ಸೆಕೆಂಡ್ಸ್ ಎಂದರೆ ಒಟ್ಟು ಸೆಕೆಂಡ್ ಅಲ್ಲ. 2 ದಿನ 3 ಗಂಟೆಗೆ ಅದು 10,800 ಎನ್ನುತ್ತದೆ. ಟೋಟಲ್‌ಸೆಕೆಂಡ್ಸ್ ಕೊಡುವ 1,83,600 ನಿಮಗೆ ಬೇಕಾದದ್ದು. ತಿಂಗಳು ಕೂಡಿಸುವ ಸೌಲಭ್ಯವೇ ಇಲ್ಲ. ಸಾಲದ ಕಂತಿನ ದಿನಾಂಕಗಳಿಗೆ ಡೇಟ್‌ಯುಟಿಲ್ ಎಂಬ ಹೊರಗಿನ ಲೈಬ್ರರಿಯ ರಿಲೇಟಿವ್‌ಡೆಲ್ಟಾ ಬೇಕಾಗುತ್ತದೆ. ಜನವರಿ 31ಕ್ಕೆ 1 ತಿಂಗಳು ಕೂಡಿಸಿದರೆ ಫೆಬ್ರವರಿ 28. ಅದಕ್ಕೇ ಮತ್ತೆ 1 ಕೂಡಿಸಿದರೆ ಮಾರ್ಚ್ 28ಕ್ಕೆ ಜಾರುತ್ತದೆ. ಪ್ರತಿ ಕಂತನ್ನೂ ಮೂಲ ದಿನಾಂಕದಿಂದಲೇ ಎಣಿಸಿ, ಆಗ ಮಾರ್ಚ್ 31 ಸಿಗುತ್ತದೆ.

ಕನ್ನಡದಲ್ಲಿ ತಿಂಗಳು, ವಾರದ ಹೆಸರು ತೋರಿಸಲು ಬೇಬಲ್ ಲೈಬ್ರರಿ ಒಳ್ಳೆಯದು. ಪೈಥಾನ್‌ನ ಇಂಟ್ ಕನ್ನಡ ಅಂಕಿಗಳನ್ನು ಹಾಗೆಯೇ ಓದುತ್ತದೆ, ಆದರೆ ಸ್ಟ್ರಿಪ್‌ಟೈಮ್ ದಿನ, ತಿಂಗಳಿನ ಜಾಗದಲ್ಲಿ ಅವನ್ನು ಒಪ್ಪುವುದಿಲ್ಲ. ಮೊದಲು ಸಂಖ್ಯೆಗೆ ಬದಲಿಸಿಕೊಳ್ಳಿ.

ಹೊಸ ಪ್ರಾಜೆಕ್ಟಾದರೆ 3.11 ಅಥವಾ ಅದಕ್ಕೂ ಮುಂದಿನ ಆವೃತ್ತಿ ಹಿಡಿಯಿರಿ. ನ್ಯಾನೊಸೆಕೆಂಡ್ ಬೇಕಾದವರಿಗೆ ಇದು ಆಗದು, ಮೈಕ್ರೊಸೆಕೆಂಡೇ ಇದರ ಮಿತಿ. ಆಗಿಹೋದ ಘಟನೆಯನ್ನು ಯುಟಿಸಿಯಲ್ಲಿ ಉಳಿಸಿ. ಮುಂದೆ ನಡೆಯುವ ಸಭೆಯಾದರೆ ಸ್ಥಳೀಯ ವೇಳೆ ಮತ್ತು ವಲಯದ ಹೆಸರು ಎರಡನ್ನೂ ಉಳಿಸಿ, ಏಕೆಂದರೆ ಆ ದೇಶದ ಸರ್ಕಾರ ನಡುವೆ ನಿಯಮ ಬದಲಿಸಬಹುದು. ಕೋಡ್‌ನಲ್ಲಿ ತಪ್ಪು ಹುಡುಕುವ ರಫ್ ಎಂಬ ಉಪಕರಣ ಬಳಸುವವರು ಅದರ ಡಿಟಿಜೆಡ್ ನಿಯಮಗಳನ್ನು ಆನ್ ಮಾಡಿದರೆ ನೈವ್ ವೇಳೆ ನುಸುಳುವ ಸಾಲುಗಳು ಕೋಡ್ ಓಡುವ ಮೊದಲೇ ಸಿಕ್ಕಿಬೀಳುತ್ತವೆ.