ಸ್ಟೇಫೋಕಸ್ಡ್ ಹಾಕೋದಾ, ಲೀಚ್‌ಬ್ಲಾಕಾ?

ಮಂಗಳೂರಿನ ಮನೆಯಲ್ಲೇ ಕೂತು ಕೆಲಸ ಮಾಡುವ ನನಗೆ ಯೂಟ್ಯೂಬಿನ ಯಕ್ಷಗಾನವೇ ದೊಡ್ಡ ಶತ್ರು. ಒಂದು ಪದ್ಯ ಕೇಳೋಣ ಅಂತ ತೆರೆದರೆ ಇಡೀ ಪ್ರಸಂಗವೇ ಮುಗಿದಿರುತ್ತದೆ ಮಾರಾಯ್ರೆ! ಅದಕ್ಕೇ ಬ್ರೌಸರಿಗೆ ಸೇರಿಸಿಕೊಂಡು ಇಂಥ ಸೈಟುಗಳನ್ನು ತಡೆಯುವ ಸ್ಟೇಫೋಕಸ್ಡ್, ಲೀಚ್‌ಬ್ಲಾಕ್ ಎಂಬ ಎರಡೂ ಎಕ್ಸ್‌ಟೆನ್ಶನ್ ಹಾಕಿ ನೋಡಿದೆ.

ಸ್ಟೇಫೋಕಸ್ಡ್ ಸುಲಭ. ಕ್ರೋಮ್‌ನಲ್ಲಿ ಸೈಟುಗಳ ಪಟ್ಟಿ ಕೊಟ್ಟು, ದಿನಕ್ಕೆ ಇಷ್ಟು ನಿಮಿಷ ಅಂದರೆ ಸಾಕು. ಅಷ್ಟು ಮುಗಿದರೆ ಮತ್ತೆ ನಾಳೆಯೇ. ‘ನ್ಯೂಕ್ಲಿಯರ್ ಆಪ್ಶನ್’ ಒತ್ತಿದರಂತೂ ಹೇಳಿದ ಹೊತ್ತು ಕಳೆಯುವವರೆಗೆ ಬಿಡುಗಡೆ ಇಲ್ಲ. ಸುಮ್ನೆ ಒತ್ತಬೇಡಿ.

ಲೀಚ್‌ಬ್ಲಾಕ್ ಪುಕ್ಕಟೆ; ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರಕ್ಕೂ ಇದೆ. ಇದರಲ್ಲಿ 30 ಪಟ್ಟಿ ಮಾಡಬಹುದು, ಪ್ರತಿಯೊಂದಕ್ಕೂ ಬೇರೆ ದಿನ, ಬೇರೆ ಹೊತ್ತು. ನನ್ನದು ಹೀಗೆ: ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9ರಿಂದ 1ರವರೆಗೆ ಯೂಟ್ಯೂಬ್ ಬಂದ್, ಸುದ್ದಿ ಸೈಟುಗಳಿಗೆ ಗಂಟೆಗೆ 5 ನಿಮಿಷ. ಪೂರ್ತಿ ತಡೆಯುವ ಬದಲು ಸ್ವಲ್ಪ ಹೊತ್ತು ಕಾಯಿಸಿ ಆಮೇಲೆ ಬಿಡುವ ವ್ಯವಸ್ಥೆಯೂ ಉಂಟು. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ. ಕಾಯುವಷ್ಟರಲ್ಲಿ ಆಸೆಯೇ ಇಳಿದುಹೋಗುತ್ತದೆ! ಸೆಟ್ಟಿಂಗ್ ಪುಟ ಮಾತ್ರ ಉದ್ದ, ಮೊದಲ ದಿನ ತಲೆ ಕೆಡುತ್ತದೆ.

ಬ್ರೌಸರಿನಲ್ಲಿ ಹಾಕಿದ್ದು ಕೈಯಲ್ಲಿರುವ ಮೊಬೈಲ್ ಆ್ಯಪನ್ನು ತಡೆಯುವುದಿಲ್ಲ. ಅದಕ್ಕೆ ಪಕ್ಕದ ಕೋಣೆಯೇ ಗತಿ.

ಕ್ರೋಮ್ ಒಂದೇ ಬಳಸುವವರು, ಐದು ನಿಮಿಷದಲ್ಲಿ ಮುಗಿಯಬೇಕು ಅನ್ನುವವರು ಸ್ಟೇಫೋಕಸ್ಡ್ ಹಾಕಿ. ಕೆಲಸದ ಹೊತ್ತು ದಿನಕ್ಕೊಂದು ಥರ ಇದ್ದರೆ ಲೀಚ್‌ಬ್ಲಾಕ್.